ಚಾಡ್ ಸರೋವರ ಸತ್ತಿಲ್ಲ

ಆಫ್ರಿಕಾದ ಚಾಡ್ ಸರೋವರದ ಶೇ. 90 ಭಾಗ ಮಾಯವಾಗಿದೆ, ಉಳಿದದ್ದೂ ಇನ್ನೇನು ಬತ್ತಲಿದೆ ಎಂಬ ಮಾತು ವಿಶ್ವಸಂಸ್ಥೆಯ ಭಾಷಣಗಳಿಂದ ಪತ್ರಿಕಾ ಲೇಖನಗಳವರೆಗೆ ಸುತ್ತುತ್ತಲೇ ಇದೆ. ಇದನ್ನು ನಾನು ಒಪ್ಪುವುದಿಲ್ಲ.

ಈ ಲೆಕ್ಕ ಶುರುವಾಗುವುದು 1963ರಿಂದ. ಆಗ ಸರೋವರ ಸುಮಾರು 25,000 ಚದರ ಕಿ.ಮೀ. ಹರಡಿತ್ತು, ನಿಜ. ಆದರೆ ಅದು ಮಳೆ ಸಮೃದ್ಧವಾಗಿದ್ದ ಕಾಲ. ಸರೋವರದ ತಳ ತಟ್ಟೆಯಂತೆ ಸಪಾಟು. ನೀರು ಒಂದು ಮೀಟರ್ ಇಳಿದರೂ ದಡ ಬಹುದೂರ ಸರಿಯುತ್ತದೆ. ಅದಕ್ಕೆ ನೀರು ತರುವ ಶಾರಿ, ಲೋಗೋನ್ ನದಿಗಳ ಪ್ರದೇಶದ ಮಳೆಯೇ ಅದರ ಗಾತ್ರವನ್ನು ನಿರ್ಧರಿಸುತ್ತದೆ. ಆರು ಸಾವಿರ ವರ್ಷಗಳ ಹಿಂದೆ ಅದು ಮೂರು ಲಕ್ಷ ಚದರ ಕಿ.ಮೀ. ಮೀರಿತ್ತು, 20ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಅಧಿಕಾರಿ ತಿಲೋ ಅಳೆಯಲು ಬಂದಾಗ ಬಹಳ ಕುಗ್ಗಿತ್ತು. ತುಂಬಿದ ವರ್ಷವನ್ನೇ ಮಾನದಂಡ ಮಾಡಿಕೊಂಡರೆ ಮಿಕ್ಕ ವರ್ಷಗಳೆಲ್ಲ ನಷ್ಟವಾಗಿಯೇ ಕಾಣುತ್ತವೆ.

1970–80ರ ದಶಕಗಳ ಬರ ಭೀಕರವಾಗಿತ್ತು, ಜನ-ಜಾನುವಾರು ಸತ್ತರು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆಮೇಲೆ ಮಳೆ ಸಾಕಷ್ಟು ಚೇತರಿಸಿಕೊಂಡಿತು. ಈ ಶತಮಾನದ ಉಪಗ್ರಹ ಮಾಹಿತಿಯನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಸರೋವರ ಕುಗ್ಗುತ್ತಿಲ್ಲ, ಅಂತರ್ಜಲ ಹೆಚ್ಚುತ್ತಿದೆ ಎಂದಿತು. ‘ಅಂದು–ಇಂದು’ ಎಂದು ನಮಗೆ ತೋರಿಸುವ ಜೋಡಿ ಉಪಗ್ರಹ ಚಿತ್ರಗಳಲ್ಲಿ ಜೊಂಡಿನಡಿಯ ನೀರು ಸುಲಭವಾಗಿ ಕಾಣುವುದೂ ಇಲ್ಲ.

ನೀರು ಹಿಂದೆ ಸರಿದ ನೆಲವೂ ಹಾಳುಬಿದ್ದಿಲ್ಲ. ಆ ಹಸಿ ಮೆಕ್ಕಲು ಮಣ್ಣಿನಲ್ಲಿ ಮೆಕ್ಕೆಜೋಳ, ಅಲಸಂದೆ ಬೆಳೆಯುತ್ತಾರೆ. ಒಂದೇ ಜಾಗ ಕೆಲವು ತಿಂಗಳು ಮೀನುಗಾರರದ್ದು, ಕೆಲವು ತಿಂಗಳು ರೈತರದ್ದು, ಮತ್ತೆ ದನಗಾಹಿಗಳದ್ದು. ಕನೆಂಬು ಸಮುದಾಯದ ಹೆಂಗಸರು ಅಲ್ಲಿನ ಕೊಳಗಳಲ್ಲಿ ನೀಲಿ-ಹಸಿರು ಪಾಚಿ ಸೋಸಿ, ಒಣಗಿಸಿ, ‘ದಿಹೆ’ ಎಂದು ಸಂತೆಯಲ್ಲಿ ಮಾರುತ್ತಾರೆ. ಹೀಗಿದ್ದರೂ ಕಾಂಗೋ ಕಡೆಯಿಂದ ಸುಮಾರು 2,400 ಕಿ.ಮೀ. ಕಾಲುವೆ ತೋಡಿ ಚಾಡ್ ತುಂಬಿಸುವ ‘ಟ್ರಾನ್ಸಾಕ್ವಾ’ ಯೋಜನೆಗೆ 2018ರ ಅಬುಜಾ ಸಮ್ಮೇಳನದಲ್ಲಿ ಬೆಂಬಲ ಸಿಕ್ಕಿತು. ಸರೋವರವನ್ನು ಮತ್ತೆ 1963ರ ಗಾತ್ರಕ್ಕೆ ತಂದರೆ ಮುಳುಗುವುದು ಇದೇ ಹೊಲಗಳು.

ನೈಜೀರಿಯಾದ ಉಗ್ರ ಸಂಘಟನೆ ಬೋಕೋ ಹರಾಮ್ ಹುಟ್ಟಿದ್ದೂ ಸರೋವರ ಬತ್ತಿದ್ದರಿಂದ ಎನ್ನುವವರಿದ್ದಾರೆ. ಆದರೆ ಅದು ಬೆಳೆದದ್ದು ಮೈದುಗುರಿ ನಗರದಲ್ಲಿ. 2009ರ ಸೇನಾ ದಮನದ ನಂತರ ಇನ್ನಷ್ಟು ಕ್ರೂರವಾಯಿತು. ದ್ವೀಪಗಳಿಗೆ ಅದು ಹಬ್ಬಿದ್ದು ಆಮೇಲೆ. 2015ರಲ್ಲಿ ನೈಜರ್ ಸರ್ಕಾರ ತನ್ನ ದ್ವೀಪವಾಸಿಗಳನ್ನು ತೆರವುಗೊಳಿಸಿತು. ಮೀನುಗಾರಿಕೆಗೂ ನಿಷೇಧ ಬಿತ್ತು. ಹವಾಮಾನದ ಹೆಸರು ಹೇಳಿದರೆ ಈ ನಿರ್ಧಾರಗಳಿಗೆ ಯಾವ ಸರ್ಕಾರವೂ ಉತ್ತರ ಕೊಡಬೇಕಾಗುವುದಿಲ್ಲ.

ಇನ್ನೊಮ್ಮೆ ಆ ಎರಡು ಚಿತ್ರಗಳು ಕಣ್ಣಿಗೆ ಬಿದ್ದರೆ, ದಯವಿಟ್ಟು ಅವು ಯಾವ ವರ್ಷದವು, ಯಾವ ತಿಂಗಳಿನವು ಎಂದು ಮೊದಲು ನೋಡಿ.