ನೊವೆಂ ಯಾರ ಕೈಗೆ ಮುಟ್ಟಬೇಕು?

ಪಾಣೆಮಂಗಳೂರಿನಿಂದ ನೇತ್ರಾವತಿ ಹರಿಯುವ ದಿಕ್ಕಿಗೇ ಹೊರಟರೆ ಆಚೆ ದಡದಲ್ಲಿ ಫರಂಗಿಪೇಟೆ ಸಿಗುತ್ತದೆ. ಅಲ್ಲಿನ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂದ ಮೊಂತಿ ಫೆಸ್ತ್ ಶುರುಮಾಡಿದರು ಎಂಬುದು ಕರಾವಳಿಯ ಕೊಂಕಣಿ ಕೆಥೋಲಿಕ್ ಕ್ರೈಸ್ತರು ಹೇಳಿಕೊಂಡು ಬಂದ ಮಾತು. ಮರಿಯಮ್ಮನ ಹುಟ್ಟುಹಬ್ಬವೂ ಹೊಸ ಬೆಳೆಯ ಹಬ್ಬವೂ ಇಲ್ಲಿ ಒಂದೇ. ಒಂಬತ್ತು ದಿನ ಮಕ್ಕಳು ಹೂ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಪಾದ್ರಿಗಳು ತೆನೆಯನ್ನು ಆಶೀರ್ವದಿಸುತ್ತಾರೆ. ಮನೆಯ ಹಿರಿಯರು ಹೊಸ ಅಕ್ಕಿಯ ಪುಡಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಪ್ರಾರ್ಥಿಸಿ ಎಲ್ಲರಿಗೂ ಹಂಚುತ್ತಾರೆ. ಅದೇ ನೊವೆಂ. ಅಂದು ಮೀನು ಮಾಂಸ ಇಲ್ಲ; ಬಾಳೆಲೆಯ ಮೇಲೆ ತರಕಾರಿ ಊಟ, ಪದಾರ್ಥಗಳ ಲೆಕ್ಕ ಬೆಸವಾಗಿರಬೇಕು.

ಇದೆಲ್ಲ ಬರೀ ಆಚಾರ, ವಿಶ್ವಾಸವಲ್ಲ ಎನ್ನುವವರು ಕ್ರೈಸ್ತರೊಳಗೇ ಇದ್ದಾರೆ. ತುಳುವರ ಮನೆಗೆ ಬರುವ ಕೊರಲಿಗೆ, ಅಂದರೆ ತೆನೆಗೆ, ಇಗರ್ಜಿಯ ತೀರ್ಥ ಚಿಮುಕಿಸಿದರೆ ಅದು ಕ್ರಿಸ್ತನದಾಗುತ್ತದೆಯೇ? ಪಲ್ಯ ಐದೋ ಏಳೋ ಎಂಬುದರಿಂದ ದೇವರಿಗೇನು? ಬಾಗಿಲು ಮುಚ್ಚಿಕೊಂಡು ಏಕಾಂತದಲ್ಲಿ ಪ್ರಾರ್ಥಿಸಲು ಕಲಿಸಿದ, ಪಾತ್ರೆ ತೊಳೆಯುವ ಶಾಸ್ತ್ರದಲ್ಲೇ ಮುಳುಗಿದವರನ್ನು ಗದರಿದ ಯೇಸುವಿನ ಹೆಸರಿನಲ್ಲಿ ಇಷ್ಟೊಂದು ಹೊರಗಿನ ಸಂಭ್ರಮ ಏಕೆ? ಹಗುರವಾದ ಆಕ್ಷೇಪವಲ್ಲ ಇದು. ಆದರೂ ನಾನು ಒಪ್ಪುವುದಿಲ್ಲ. ಮೊಂತಿ ಫೆಸ್ತ್‌ನ ದೋಷ ಅದು ಹೊರಗೆ ಕಾಣುತ್ತದೆ ಎಂಬುದರಲ್ಲಿ ಇಲ್ಲ.

ಹೊರಗಿನದೆಲ್ಲ ಇಲ್ಲವಾದ ಕಾಲವನ್ನು ಈ ಜನ ಕಂಡಿದ್ದಾರೆ. 1784ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿತು. ಮಿರಾಂದರಿಗೆ ಗಡೀಪಾರಾಯಿತು, ಮೊಂತೆ ಮರಿಯಾನೊದ ಸೆಮಿನರಿ ನೆಲಸಮವಾಯಿತು. ಹಲವರ ಮೇಲೆ ಮತಾಂತರವನ್ನೂ ಹೇರಲಾಯಿತು. ಹದಿನೈದು ವರ್ಷ ಇಗರ್ಜಿಯಿಲ್ಲ, ಹಬ್ಬವಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರಲ್ಲಿ ಹಲವರು ಊರಿಗೆ ಮರಳಿದರು. ಆಚಾರದ ಆಸರೆಯಿಲ್ಲದೆ ವಿಶ್ವಾಸ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಆದರೆ ಮರಳಿ ಬಂದವರು ಅಂತರಂಗವೊಂದು ಸಾಕು ಎಂದು ಕೂರಲಿಲ್ಲ. ಬಿದ್ದ ಇಗರ್ಜಿಗಳನ್ನು ಎಬ್ಬಿಸಿದರು. ಒಬ್ಬೊಬ್ಬರೇ ಎದೆಯಲ್ಲಿ ಕಾಪಾಡಿಕೊಂಡದ್ದನ್ನು ಮಕ್ಕಳ ಕೈಗೆ ದಾಟಿಸಲು ಅವರಿಗೆ ಹೂವೂ ತೆನೆಯೂ ಬೇಕಾಯಿತು.

ಅಂತರಂಗವನ್ನೇ ಅಳತೆಗೋಲು ಮಾಡಿಕೊಂಡವರೂ ನಮ್ಮ ಕರಾವಳಿಗೆ ಬಂದರು. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟರಿಗೆ ಮೂರ್ತಿ, ಮೆರವಣಿಗೆ ಯಾವುದೂ ಸಲ್ಲದು; ಮನಸ್ಸು ತಿರುಗಬೇಕು. ಜಾತಿಯ ಗುರುತು ಬಿಡಬೇಕೆಂಬ ಅವರ ಪಟ್ಟನ್ನು ನಾನು ಗೌರವಿಸುತ್ತೇನೆ. ಕೆಥೋಲಿಕರಲ್ಲಿ ಬಾಮಣ, ಚಾರಡಿ, ಶುದ್ರ ಎಂಬ ಜಾತಿ ಎಣಿಕೆ ಮದುವೆಯ ಮಾತುಕತೆಯ ಹೊತ್ತಿಗೆ ಇನ್ನೂ ತಲೆಯೆತ್ತುವಾಗ ಆ ಗೌರವ ಹೆಚ್ಚಾಗುತ್ತದೆ. ಆದರೆ ತಿರುಗಿದ ಮನಸ್ಸನ್ನು ಕಣ್ಣಿಂದ ನೋಡಲಾಗುವುದಿಲ್ಲವಲ್ಲ. ಆದ್ದರಿಂದ ಅವರೂ ನಡತೆಯನ್ನು ಕಾಯಬೇಕಾಯಿತು. ಕುಡಿದವರನ್ನು, ಹಳೆಯ ಪದ್ಧತಿಗೆ ಮರಳಿದವರನ್ನು ಸಭೆಯ ಶಿಸ್ತಿಗೆ ಒಳಪಡಿಸಿದರು. ನೇಯ್ಗೆ, ಹಂಚಿನ ಕಾರ್ಖಾನೆಗಳ ದುಡಿಮೆಯ ಕಟ್ಟುನಿಟ್ಟೂ ವಿಶ್ವಾಸದ ಗುರುತಾಯಿತು. ಒಳಗನ್ನೇ ನಂಬಿ ಹೊರಟವರೂ ಹೊರಗಿನ ದಾರಿಯಲ್ಲೇ ನಡೆದರು.

ಹಾಗಾಗಿ ಒಂದು ಆಚಾರವನ್ನು ಅದು ಮಾಡುವವರಿಂದ ಏನು ಕೇಳುತ್ತದೆ ಎಂಬುದರಿಂದ ತೂಗಬೇಕು. ನೊವೆಂ ಕೇಳುವುದು ಸಣ್ಣದಲ್ಲ: ಬೆಳೆದದ್ದನ್ನು ಮೊದಲು ದೇವರ ಮುಂದಿಡು, ಒಬ್ಬನೇ ಉಣ್ಣಬೇಡ, ದೂರದಲ್ಲಿ ಇರುವವರನ್ನು ಮರೆಯಬೇಡ. ಗಲ್ಫಿನಲ್ಲಿರುವ ಮಗನಿಗೆ ತಾಯಿ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವುದನ್ನು ಬರೀ ಶಾಸ್ತ್ರ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಲಕೋಟೆಯೇ ಅವಳ ಪ್ರಾರ್ಥನೆ.

ಹಬ್ಬ ಬಡವಾಗುವುದು ಈ ಕೇಳಿಕೆ ಸಡಿಲವಾದಲ್ಲಿ. ಬಂಟ್ವಾಳದ ಸುತ್ತ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ, ಕೆಲವು ಹಡಿಲು ಬಿದ್ದಿವೆ. ಹೊರಗಿನಿಂದ ತರಿಸಿದ ತೆನೆಯನ್ನು ಇಗರ್ಜಿಯಲ್ಲಿ ಪಡೆದು ಹೋಗುವವನಿಗೆ ತಾನು ಬಿಟ್ಟುಕೊಡಬೇಕಾದ ಮೊದಲ ಬೆಳೆಯೇ ಇಲ್ಲ. ಅದು ಕಾಲದ ಪಾಡು, ಯಾರನ್ನೂ ದೂರುವಂತಿಲ್ಲ. ಆದರೆ ಹೂವಿಗೆ, ಕಬ್ಬಿಗೆ, ಊಟಕ್ಕೆ ಕೊಟ್ಟವರ ಹೆಸರುಗಳನ್ನು ಮೈಕಿನಲ್ಲಿ ಓದಿ ಹೇಳುವುದು ನಮ್ಮದೇ ಆಯ್ಕೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕಲಿಸಿದ ಗುರುವಿನ ತಾಯಿಯ ಹಬ್ಬದಲ್ಲಿ ಇದು ನೋಯಿಸುವ ಸಂಗತಿ. ಇದನ್ನು ಈ ವರ್ಷವೇ ನಿಲ್ಲಿಸಬಹುದು. ಹಣ ನಿಂತುಹೋದರೆ ಅದು ಹೆಸರಿಗಾಗಿ ಬಂದ ಹಣ ಎಂದು ಗೊತ್ತಾಗುತ್ತದೆ. ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು ಹಬ್ಬದ ಮನೆಯ ಎಲೆಯ ಮುಂದೆ ಕೂತಿದ್ದಾರೆಯೇ ಎಂಬುದು ಇನ್ನೂ ಗಟ್ಟಿ ಪ್ರಶ್ನೆ. ಕೆಲವು ಚರ್ಚುಗಳ ಯುವಕರು ಹಡಿಲು ಗದ್ದೆ ಉತ್ತು ನೇಜಿ ನೆಟ್ಟಿದ್ದಾರೆ. ಒಂದು ಚರ್ಚು ತನ್ನ ತೆನೆಯನ್ನು ಹೀಗೆ ತಾನೇ ಬೆಳೆದು, ಆ ಅಕ್ಕಿಯನ್ನು ಜಾತಿ ಮತ ಕೇಳದೆ ನೆರೆಹೊರೆಯ ಉಣ್ಣಲಿಲ್ಲದ ಮನೆಗಳಿಗೆ ಮುಟ್ಟಿಸಿದರೆ, ಐದು ಪಲ್ಯವೋ ಏಳೋ ಎಂದು ನಾನು ಕೇಳಲಾರೆ.