ಕೊಡಗಿನ ಆನೆಯೂ ರೋಗಗಳ ವರ್ಗೀಕರಣವೂ

ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಪರಿಷ್ಕರಣವು 1990ರಲ್ಲಿ ಅಂಗೀಕೃತವಾಯಿತು. 2019ರಲ್ಲಿ ಅಂಗೀಕೃತವಾದ ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿತು. ವೈದ್ಯಾಲಯಗಳು ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಬೇಕಾದ ಈ ಸಂದರ್ಭದಲ್ಲಿ, ಇದನ್ನೊಂದು ಕೃತಿಯಂತೆ ಓದಿ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕೊಡಗಿನ ನಿದರ್ಶನವೊಂದನ್ನೇ ತೆಗೆದುಕೊಳ್ಳೋಣ. ವಿರಾಜಪೇಟೆ, ಸಿದ್ದಾಪುರಗಳ ಕಡೆ ಕಾಫಿ ತೋಟದ ಕೆಲಸಗಾರರನ್ನು ಕಾಡಾನೆ ತುಳಿದು ಕೊಂದ ಪ್ರಕರಣಗಳು ಅಪರೂಪವಲ್ಲ. ಇಂಥ ಮರಣಕ್ಕೆ ಹತ್ತನೆಯ ಪರಿಷ್ಕರಣದಲ್ಲಿ ದೊರೆಯುವ ಸಂಕೇತ ಡಬ್ಲ್ಯೂ55: ಎಂದರೆ, ಇತರ ಸಸ್ತನಿಗಳ ಕಡಿತ ಅಥವಾ ಹೊಡೆತ. ನಾಯಿಗೆ ಪ್ರತ್ಯೇಕ ಸಂಕೇತವುಂಟು, ಇಲಿಗೂ ಉಂಟು. ಆನೆಯಾದರೋ ಹಟ್ಟಿಯ ಹಸುವಿನೊಡನೆ 'ಇತರ'ದಲ್ಲಿ ಅಡಗಿದೆ. (ಆನೆಗಿಂತ ಇಲಿ ದೊಡ್ಡದಾಗಿ ಕಂಡ ಗ್ರಂಥ ಇದೊಂದೇ ಇರಬೇಕು!) ಘಟನೆಯ ಸ್ಥಳಕ್ಕೂ ಒಂದು ಅಂಕಿಯುಂಟು, ನಿಜ: ಸಾಗುವಳಿಯ ನೆಲಕ್ಕೆ 7; ಕಾಡು ಬರುವುದು 8ರಲ್ಲಿ. ಆದರೆ ಹೆಮ್ಮರಗಳ ನೆರಳಿನಲ್ಲಿ ಬೆಳೆದ ಕೊಡಗಿನ ತೋಟದಲ್ಲಿ ಆ ಗಡಿಯನ್ನು ಆನೆಯೂ ಒಪ್ಪಿಲ್ಲ.

ಹನ್ನೊಂದನೆಯ ಪರಿಷ್ಕರಣದಲ್ಲಿ ಮೂಲ ಸಂಕೇತಕ್ಕೆ ವಿಸ್ತರಣ ಸಂಕೇತಗಳನ್ನು ಜೋಡಿಸಬಹುದು. ವೈಯಾಕರಣರ ಮಾತಿನಲ್ಲಿ, ಪ್ರಕೃತಿಗೆ ಪ್ರತ್ಯಯ ಹತ್ತಿದಂತೆ. ಇದು ಸಣ್ಣ ಗುಣವಲ್ಲ. ಆದರೂ ಸಂಕೇತ ಹಾಕುವವನು, ವೈದ್ಯರು ಬರೆದುದಕ್ಕಷ್ಟೇ ಸಂಕೇತ ಹಾಕಬಲ್ಲನು. ಪ್ರಕರಣಪತ್ರದಲ್ಲಿ 'ಪ್ರಾಣಿಯಿಂದ ಪೆಟ್ಟು' ಎಂದಷ್ಟೇ ಇದ್ದರೆ, ಸತ್ತವಳು ಮುಂಜಾನೆ ಕೂಲಿಗೆ ಹೊರಟಿದ್ದಳೆಂಬುದು ಯಾವ ಪರಿಷ್ಕರಣದಲ್ಲಿಯೂ ಎಣಿಕೆಗೆ ಸಿಗದು. ಹೊಸ ಪದ್ಧತಿಯ ಶಿಕ್ಷಣವು ದಾಖಲೆ ವಿಭಾಗದ ಗುಮಾಸ್ತನಿಂದಲ್ಲ, ಆ ಪತ್ರವನ್ನು ಬರೆಯುವ ಕಿರಿಯ ವೈದ್ಯನಿಂದ ಮೊದಲಾಗಬೇಕೆಂಬುದು ನಮ್ಮ ಅಭಿಪ್ರಾಯ.