ಗುಹೆಯ ಬಾಗಿಲಲ್ಲಿ ನಿಂತವನು

ಶನಿವಾರಸಂತೆಯ ಕಡೆ ಮೊದಲ ತಲೆಮಾರಿಗೆ ಅಕ್ಷರ ಕಂಡ ನಮ್ಮಂಥವರಿಗೆ ಪಂಪ, ಕುಮಾರವ್ಯಾಸರಿಗಿಂತ ಮೊದಲು ಸಿಕ್ಕವನು ಫ್ಯಾಂಟಮ್. ಇಂಥದ್ದನ್ನೂ ವಿಮರ್ಶೆ ಮಾಡ್ತಾರಾ ಅಂತ ಪಂಡಿತರು ನಗಬಹುದು. ನಗಲಿ. ಯಾರು ಒಡೆಯ, ಯಾರು ಆಳು ಎಂಬುದನ್ನು ಮಕ್ಕಳ ಮನಸ್ಸಿನಲ್ಲಿ ಮೊದಲು ಬರೆಯೋದು ಇಂಥ ಪುಸ್ತಕಗಳೇ.

ಅಮೆರಿಕದ ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಈ ಮುಖವಾಡದ ವೀರ, ಸುಧಾ ವಾರಪತ್ರಿಕೆಯಲ್ಲೂ, 1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್‌ನಲ್ಲೂ ಕನ್ನಡ ಮಾತಾಡಿದ. ಕತೆಯ ಬುಡ ಇದು: 1536ರಲ್ಲಿ ಕಡಲುಗಳ್ಳರು ಹಡಗು ಸುಟ್ಟರು. ದಡಕ್ಕೆ ಬಂದು ಬಿದ್ದ ಬಿಳಿಯನೊಬ್ಬನನ್ನು ಬಂದರ್ ಎಂಬ ಕುಳ್ಳ ಕಾಡುಜನ ಎತ್ತಿ ಉಳಿಸಿದರು. ಅವನ ವಂಶದಲ್ಲಿ ಅಪ್ಪನ ಮುಖವಾಡ ಮಗ ತೊಡುತ್ತಾ ಬಂದು ಈಗಿನವನು 21ನೆಯವನು. ಹೊರಗಿನವರಿಗೆ ಮಾತ್ರ ಅವನು ಸಾವಿಲ್ಲದವನು.

ಸಾವಿಲ್ಲದವನನ್ನಾಗಿ ಮಾಡಿದ್ದು ಯಾರು ಸ್ವಾಮಿ? ಅವನು ಸಾಯ್ತಾನೆ ಅನ್ನೋದು ಬಂದರ್ ಜನಕ್ಕೆ ಗೊತ್ತು. ಅವರ ಮುಖಂಡ ಗುರಾನ್, ಈಗಿನ ಫ್ಯಾಂಟಮ್‌ನ ಜೊತೆಯಲ್ಲೇ ಬೆಳೆದವನು. ವಿಷದ ಬಾಣ ಹಿಡಿದು ಕಾಡು ಕಾಯುವವರು ಅವರು. ಡೋಲು ಬಡಿದು ಸುದ್ದಿ ಮುಟ್ಟಿಸುವವರು ಕಾಡಿನ ಜನ. ಬಂದರ್ ಜನ ಒಂದು ದಿನ ಬಾಯಿ ಬಿಟ್ಟರೆ ನಾನೂರು ವರ್ಷದ ದೇವರು ಸಂಜೆಯೊಳಗೆ ಮನುಷ್ಯನಾಗುತ್ತಾನೆ. ಆದರೂ ರಕ್ಷಕನ ಪಟ್ಟ ಅವನಿಗೆ, ಕಾವಲಿನ ಕೆಲಸ ಇವರಿಗೆ. ಬಂದರ್ ಅಂದರೆ ಹಿಂದಿಯಲ್ಲಿ ಕೋತಿ ಎಂಬುದನ್ನೂ ಮರೆಯಬೇಡಿ.

ಮೊದಲ ಫ್ಯಾಂಟಮ್ ಇವರನ್ನು ವಸಾಕರ ಜೀತದಿಂದ ಬಿಡಿಸಿದ ಎಂದು ಕತೆ ಹೇಳುತ್ತದೆ. ಒಪ್ಪೋಣ. ಆ ಕತೆಯಲ್ಲಿ ಜೀತದ ವಿರುದ್ಧ ಸಿಟ್ಟಿದೆ, ಅದು ನಮಗೂ ಹಿಡಿಸುತ್ತದೆ. ಆದರೆ ಬಿಡುಗಡೆಯ ಋಣ ಎಷ್ಟು ತಲೆಮಾರು ತೀರಿಸಬೇಕು? ತಲೆಬುರುಡೆಯ ಗುಹೆಯಲ್ಲಿ ಫ್ಯಾಂಟಮ್‌ಗಳಿಗೆ ಸಮಾಧಿಗಳಿವೆ, ಅವರೇ ಬರೆದಿಟ್ಟ ಚರಿತ್ರೆಯ ಹೊತ್ತಗೆಗಳಿವೆ. ಗುರಾನನ ಅಜ್ಜ ಎಲ್ಲಿ ಮಣ್ಣಾದ? ಆ ಹೊತ್ತಗೆ ಅವನ ಕೈಗೆ ಬರಲಿಲ್ಲ.

ಲೀ ಫಾಕನೇ 1934ರಲ್ಲಿ ತಂದ ಮಾಂಡ್ರೇಕ್‌ನ ಜೊತೆಗಾರ ಲೋಥಾರ್ ರಾಜಕುಮಾರ. ಆದರೂ ಚಿರತೆ ಚರ್ಮ ಸುತ್ತಿಕೊಂಡು ಹರಕುಮುರುಕು ಮಾತಾಡುತ್ತಿದ್ದ. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರ ಬರೆಯಲು ಬಂದ ಮೇಲೆ ಅವನಿಗೆ ಬಟ್ಟೆ ಸಿಕ್ಕಿತು, ಭಾಷೆ ನೆಟ್ಟಗಾಯಿತು. ಅದೇ ವರ್ಷ ಅಮೆರಿಕದಲ್ಲಿ ಕರಿಯರ ಮತದಾನದ ಹಕ್ಕಿನ ಕಾಯಿದೆ ಬಂತು. ಎರಡಕ್ಕೂ ನಂಟಿಲ್ಲ ಅನ್ನೋರು ಅನ್ನಲಿ.

ಇದೆಲ್ಲ ಡೆಂಕಾಲಿಯ ಸಮಾಚಾರ, ನಮಗ್ಯಾಕೆ ಅಂತೀರಾ? ಕೊಡಗಿನಲ್ಲಿ ಯರವರು ತಲೆಮಾರುಗಟ್ಟಲೆ ಗದ್ದೆ-ತೋಟಗಳ ಜೀತದಲ್ಲಿದ್ದವರು. ಜೀತ ನಿಷೇಧದ ಕಾಯಿದೆ ಬಂದದ್ದು 1976ರಲ್ಲಿ. ಹುಲಿ ಹೊಡೆದ ದೊರೆಗಳ ಪಟ ಗೋಡೆಯ ಮೇಲಿದೆ, ಹೆಜ್ಜೆ ಗುರುತು ಹಿಡಿದು ಕೊಟ್ಟವನ ಹೆಸರು ಪಟದ ಕೆಳಗಿಲ್ಲ. ದಸರೆಯ ಅಂಬಾರಿ ಹೊತ್ತ ಬಲರಾಮ, ಅರ್ಜುನ ನಾಡಿಗೆಲ್ಲ ಬಾಯಿಪಾಠ. ಮಾವುತರಲ್ಲಿ ಜೇನುಕುರುಬರಿದ್ದಾರೆ. ಅವರಲ್ಲಿ ಒಬ್ಬನ ಹೆಸರು ಹೇಳಿ ನೋಡೋಣ.

ಗುರಾನನಿಗೆ ಮುಖವಾಡ ಕೊಡಿ ಅಂತ ನಾವು ಕೇಳೋದಿಲ್ಲ. ಅವನ ಕೈಗೆ ಹೊತ್ತಗೆ ಬರಲಿ. ಅವನು ಬರೆದರೆ ಕತೆ ಹೀಗೆ ಶುರುವಾದೀತು: ದಡದಲ್ಲಿ ಒಬ್ಬ ಬಿದ್ದಿದ್ದ, ನಾವು ನೀರು ಕೊಟ್ಟೆವು.